ಮೊದಲ ಎಲ್ಕ್ ಬೇಟೆ, ಕೊಲೊರಾಡೊ: ಮಾಂಸ ಹೊರಗೆ ತರುವ ಲೆಕ್ಕ ಹೇಗೆ ಹಾಕುತ್ತೀರಿ?

ಅರೋರಾದ ಹಾಸನದವನು

ಎಲ್ಲರಿಗೂ ನಮಸ್ಕಾರ. ನಾನು ಡೆನ್ವರ್ ಪಕ್ಕದ ಅರೋರಾದಲ್ಲಿದ್ದೇನೆ, ಊರು ಹಾಸನದ ಕಡೆ. ಈ ವರ್ಷ ಎರಡನೇ ರೈಫಲ್ ಸೀಸನ್‌ಗೆ, ಅಂದರೆ ಅಕ್ಟೋಬರ್ ಕೊನೆಗೆ, ಮೊದಲ ಸಲ ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗಬೇಕು ಅಂತ ಇದ್ದೇನೆ. ಆಫೀಸಿನ ಗೆಳೆಯ ಒಬ್ಬ ಜೊತೆಗೆ ಬರುತ್ತಾನೆ, ಅವನಿಗೂ ಇದು ಹೊಸದು. ಹಂಟರ್ ಎಜುಕೇಶನ್ ಮುಗಿದಿದೆ. ಲಾಟರಿ ಇಲ್ಲದೆ ಸಿಗುವ ಗಂಡು ಎಲ್ಕ್ ಲೈಸೆನ್ಸ್ ತೆಗೆದುಕೊಳ್ಳುವ ಯೋಚನೆ.

ಮ್ಯಾಪ್ ನೋಡಿ ಸಂರಕ್ಷಿತ ಕಾಡಾದ ಫ್ಲ್ಯಾಟ್ ಟಾಪ್ಸ್ ವೈಲ್ಡರ್‌ನೆಸ್ ಒಳಗೆ ಒಂದು ಜಾಗ ಗುರುತು ಹಾಕಿಕೊಂಡಿದ್ದೇನೆ. ರಸ್ತೆಯಿಂದ ಐದು ಮೈಲಿ ಒಳಗೆ, ಹುಲ್ಲುಗಾವಲು, ಪಕ್ಕದಲ್ಲಿ ದಟ್ಟ ಸ್ಪ್ರೂಸ್ ಮರಗಳು, ಕೆಳಗೆ ತೊರೆ. ಅಲ್ಲೇ ಟೆಂಟ್ ಹಾಕಿ ಐದು ದಿನ ಇರುವುದು ಪ್ಲಾನ್. ಕೋವಿ, ಬಟ್ಟೆ, ಬೂಟು ಇವುಗಳ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಪ್ರಾಣಿ ಬಿದ್ದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಇನ್ನೂ ಕಣ್ಣಿಗೆ ಕಟ್ಟುತ್ತಿಲ್ಲ. ಅನುಭವ ಇರುವವರು ಹೇಳಿ. ಇನ್ನೊಂದು, ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಇಟ್ಟುಕೊಳ್ಳಬಹುದಾ?

ಫೋರ್ಟ್ ಕಾಲಿನ್ಸ್ ಅಕ್ಕ

ವೀಸಾ ವಿಷಯ ಮೊದಲು ಮುಗಿಸೋಣ, ಅದರಲ್ಲಿ ಎಡವಟ್ಟಾದರೆ ಬೇಟೆ ಬಿಡಿ, ಕೆಲಸಕ್ಕೇ ಕುತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆ ಇಲ್ಲ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಕೋವಿ ಆಗಲಿ ಗುಂಡು ಆಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಅಮೆರಿಕದ ಫೆಡರಲ್ ಕಾನೂನು. ಆದರೆ ಅದೇ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಇಟ್ಟುಕೊಳ್ಳಬಹುದು. ಎಲ್ಕ್ ಲೈಸೆನ್ಸೇ ಆಗಬೇಕೆಂದಿಲ್ಲ, ಮೊಲ ಹೊಡೆಯುವ ಸ್ಮಾಲ್ ಗೇಮ್ ಲೈಸೆನ್ಸ್ ಆದರೂ ಸಾಕು. ಹಾಗಾಗಿ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಲೈಸೆನ್ಸ್ ಅವಧಿ ಮುಗಿದ ದಿನ ಮನೆಯಲ್ಲಿ ಕೋವಿ ಇದ್ದರೆ ಅದೂ ಅಪರಾಧ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಅಂಗಡಿಯಲ್ಲಿ 4473 ಫಾರಂ ತುಂಬುವಾಗ ಈ ಪ್ರಶ್ನೆ ಬರುತ್ತದೆ, ಸುಳ್ಳು ಬರೆಯಬೇಡಿ. ಕೊಲೊರಾಡೊದಲ್ಲಿ 2023ರಿಂದ ಕೋವಿ ಕೊಂಡ ಮೇಲೆ ಕೈಗೆ ಸಿಗಲು ಮೂರು ದಿನ ಕಾಯಬೇಕು. ಯಾವುದಕ್ಕೂ ನಿಮ್ಮ ಇಮಿಗ್ರೇಶನ್ ವಕೀಲರ ಹತ್ತಿರ ಒಂದು ಮಾತು ಕೇಳಿ.

ಕೊಲೊರಾಡೊದಲ್ಲಿ ಆರು ತಿಂಗಳು ಬಿಡದೆ ವಾಸ ಇದ್ದರೆ ನೀವು ಇಲ್ಲಿನ ನಿವಾಸಿ ಲೆಕ್ಕ. ಹೊರಗಿನವರಿಗಿಂತ ಲೈಸೆನ್ಸ್ ಬಹಳ ಅಗ್ಗ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ವನ್ಯಜೀವಿ ಇಲಾಖೆಯ ಈ ವರ್ಷದ ಬ್ರೋಷರ್ ಮುಂದಿಟ್ಟುಕೊಂಡೇ ಪ್ಲಾನ್ ಮಾಡಿ.

ಗ್ರ್ಯಾಂಡ್ ಜಂಕ್ಷನ್ ಅಣ್ಣ

ತಮ್ಮಾ, ಒಂದೇ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಐದು ಮೈಲಿಯ ಜಾಗ ಬಿಡು.

ಎಲ್ಲರೂ ಪ್ಲಾನ್ ಶುರು ಮಾಡುವುದು ಎಲ್ಕ್ ಎಲ್ಲಿರುತ್ತದೆ ಅಂತ. ಶುರು ಮಾಡಬೇಕಾದದ್ದು ಎಲ್ಲಿಂದ ನಾನು ಮಾಂಸ ಕೆಡದ ಹಾಗೆ ಹೊತ್ತು ತರಬಲ್ಲೆ ಅಂತ. ಬೆಳೆದ ಗಂಡು ಎಲ್ಕ್ ಸುಮಾರು 320 ಕೆಜಿ, ಹೆಣ್ಣು 225 ಕೆಜಿ ಹತ್ತಿರ. ಚರ್ಮ, ಕರುಳು, ತಲೆ ಎಲ್ಲ ಬಿಟ್ಟರೂ ಗಂಡಿನ ಹಿಂದಿನ ತೊಡೆ ಒಂದೊಂದು ಮೂಳೆ ಸಮೇತ 30 ಕೆಜಿ ಆಸುಪಾಸು ತೂಗುತ್ತದೆ. ಮುಂಗಾಲು ಒಂದೊಂದು 20 ಕೆಜಿ. ಬೆನ್ನಿನ ಮಾಂಸ, ಒಳಮಾಂಸ (ಬೆನ್ನುಮೂಳೆಯ ಒಳಬದಿಯ ಮೆತ್ತನೆ ಮಾಂಸ), ಕುತ್ತಿಗೆ, ಪಕ್ಕೆ ಸೇರಿ ಇನ್ನೊಂದು 20. ಮೂಳೆ ಬಿಡಿಸಿದರೆ ಒಟ್ಟು 80ರಿಂದ 100 ಕೆಜಿ ಮಾಂಸ. ಒಬ್ಬ ಗಟ್ಟಿ ಮನುಷ್ಯ ಗುಡ್ಡದಲ್ಲಿ ಕಾಲು ಉಳಿಸಿಕೊಂಡು ಹೊರುವುದು 25-30 ಕೆಜಿ. ಅಂದರೆ ನಾಲ್ಕು ಹೊರೆ.

ಈಗ ಲೆಕ್ಕ ಹಾಕು. ಎರಡು ಮೈಲಿ ದೂರ ಅಂದುಕೊಂಡರೆ ನಾಲ್ಕು ಸಲ ಹೊರಗೆ, ಮೂರು ಸಲ ವಾಪಸ್ ಒಳಗೆ. ಒಟ್ಟು 14 ಮೈಲಿ, ಅದರಲ್ಲಿ 8 ಮೈಲಿ ಹೊರೆ ಹೊತ್ತು. ಐದು ಮೈಲಿ ಅಂದರೆ 35 ಮೈಲಿ, 20 ಮೈಲಿ ಹೊರೆ. ಹತ್ತು ಸಾವಿರ ಅಡಿ ಎತ್ತರದಲ್ಲಿ. ಇಬ್ಬರು ಇದ್ದರೆ ಅರ್ಧ ಆಗುತ್ತದೆ ನಿಜ, ಆದರೆ ಟೆಂಟು, ಸ್ಲೀಪಿಂಗ್ ಬ್ಯಾಗು, ಕೋವಿ, ಇವನ್ನೂ ಯಾರಾದರೂ ಹೊರಬೇಕಲ್ವಾ? ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಮೊಣಕಾಲು ಮಟ್ಟ ಹಿಮ ಬೀಳಬಹುದು, ಇನ್ನೊಂದು ದಿನ ಮಧ್ಯಾಹ್ನ 15 ಡಿಗ್ರಿ ಬಿಸಿಲು ಇರಬಹುದು. ಬಿಸಿಲು ಬಂದರೆ ಕೊನೆಯ ಹೊರೆ ಹೋಗಿ ತರುವ ಹೊತ್ತಿಗೆ ಮಾಂಸ ಇರುವುದಿಲ್ಲ.

ತಳ್ಳುಗಾಡಿ ತರುತ್ತೇನೆ ಅನ್ನಬೇಡ. ವೈಲ್ಡರ್‌ನೆಸ್ ಅಂತ ಘೋಷಿಸಿದ ಜಾಗದಲ್ಲಿ ಮೋಟಾರು ಮಾತ್ರ ಅಲ್ಲ, ಚಕ್ರದ ಗಾಡಿಯನ್ನೂ ಬಿಡುವುದಿಲ್ಲ, 1964ರ ಕಾಯ್ದೆ ಅದು. ಬೆನ್ನು ಅಥವಾ ಕುದುರೆ, ಎರಡೇ ದಾರಿ.

ಮೊದಲ ವರ್ಷ ಒಂದೂವರೆ ಮೈಲಿ ಗೆರೆ ಹಾಕಿಕೋ. ಅದರಾಚೆ ಎಂಥ ಕೊಂಬಿನ ಎಲ್ಕ್ ಕಂಡರೂ ಗುಂಡು ಹಾರಿಸುವುದಿಲ್ಲ ಅಂತ ಗೆಳೆಯನ ಜೊತೆ ಮನೆಯಲ್ಲೇ ಮಾತಾಡಿಕೋ. ಕಾಡಿನಲ್ಲಿ ಎದೆ ಹೊಡೆದುಕೊಳ್ಳುವಾಗ ಯಾರಿಗೂ ಆ ಲೆಕ್ಕ ಬರುವುದಿಲ್ಲ.

ಅರೋರಾದ ಹಾಸನದವನು

ಅಣ್ಣಾ, 35 ಮೈಲಿ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ರಸ್ತೆ ಹತ್ತಿರ ಎಲ್ಕ್ ಇರುತ್ತವಾ? ಎಲ್ಲ ಕಡೆ ದೂರ ಹೋದಷ್ಟೂ ಒಳ್ಳೆಯದು ಅಂತಲೇ ಹೇಳುತ್ತಾರೆ.

ಗ್ರ್ಯಾಂಡ್ ಜಂಕ್ಷನ್ ಅಣ್ಣ

ಇರುತ್ತವೆ. ಎಲ್ಕ್‌ಗೆ ಬೇಕಾದದ್ದು ದೂರ ಅಲ್ಲ, ಮನುಷ್ಯ ಹೋಗಲು ಮನಸ್ಸು ಮಾಡದ ಜಾಗ. ರಸ್ತೆಯಿಂದ ಮುಕ್ಕಾಲು ಮೈಲಿ ದೂರದ ಕಡಿದಾದ ಇಳಿಜಾರು, ಬಿದ್ದ ಮರ ತುಂಬಿದ ಉತ್ತರ ಮುಖದ ಕಾಡು, ಇಂಥಲ್ಲಿ ಜನ ಕಾಲಿಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬೆದೆ ಕಾಲ, ಗಂಡುಗಳು ಕೂಗುತ್ತವೆ, ಇರುವ ಜಾಗ ಗೊತ್ತಾಗುತ್ತದೆ. ಅಕ್ಟೋಬರ್ ಕೊನೆಗೆ ಅದೆಲ್ಲ ಮುಗಿದು ಸುಸ್ತಾದ ಗಂಡುಗಳು ಗುಂಪು ಬಿಟ್ಟು ಇಂಥ ಕಾಡಿನಲ್ಲಿ ಸೇರಿಕೊಂಡು ಸದ್ದಿಲ್ಲದೆ ಮೇಯುತ್ತವೆ. ನೀರು, ಹುಲ್ಲು, ಕತ್ತಲೆ ಕಾಡು ಮೂರೂ ಹತ್ತಿರ ಹತ್ತಿರ ಇರುವ ಜಾಗ ಹುಡುಕು. ಆಗಸ್ಟ್‌ನಲ್ಲಿ ಒಂದು ವಾರಾಂತ್ಯ ಹೋಗಿ ಖಾಲಿ ಚೀಲದಲ್ಲಿ ಆ ದಾರಿ ನಡೆದು ನೋಡು. ಮ್ಯಾಪಿನಲ್ಲಿ ಒಂದು ಮೈಲಿ ಅಂತ ಕಂಡದ್ದು ಬಿದ್ದ ಮರ ದಾಟುವಾಗ ಮೂರು ಮೈಲಿಯಷ್ಟು ದಣಿಸುತ್ತದೆ.

ಗಾಳಿ ಮರೆಯಬೇಡ. ಬೆಳಿಗ್ಗೆ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲು ಏರಿದ ಮೇಲೆ ಮೇಲಕ್ಕೆ, ಸಂಜೆ ಮತ್ತೆ ಕೆಳಕ್ಕೆ. ಬೆಳಿಗ್ಗೆ ನೀನು ಮೇಲೆ ಕೂತರೆ ನಿನ್ನ ವಾಸನೆ ನೇರ ಅವುಗಳ ಮೂಗಿಗೆ. ನೀನು ಎಲ್ಕ್ ಕಣ್ಣಿಗೆ ಬಿದ್ದರೂ ಎಷ್ಟೋ ಸಲ ಅದು ನಿಂತು ನೋಡುತ್ತದೆ, ವಾಸನೆ ಸಿಕ್ಕರೆ ಮುಂದಿನ ಗುಡ್ಡ ದಾಟಿಯೇ ನಿಲ್ಲುವುದು.

ಕಾಡು ನೋಡುವವಳು

ನಾನು ಶಿವಮೊಗ್ಗದವಳು, ಬೇಟೆ ಆಡುವವಳಲ್ಲ, ಈ ಚರ್ಚೆ ಓದಿ ಮನಸ್ಸಿಗೆ ಕಷ್ಟವಾಯಿತು. ನಮ್ಮ ಭದ್ರಾ ಕಾಡಿನಲ್ಲಿ ಕಡವೆ ಕಂಡರೆ ಉಸಿರು ಬಿಗಿ ಹಿಡಿದು ನಿಂತುಕೊಳ್ಳುತ್ತೇವೆ. ಬೇಟೆ ನಿಷೇಧಿಸಿದ 1972ರ ಕಾಯ್ದೆ ಬಂದಿದ್ದರಿಂದಲೇ ಅವು ಉಳಿದಿವೆ. ಮನೆ ಹತ್ತಿರ ಅಂಗಡಿಯಲ್ಲಿ ಮಾಂಸ ಸಿಗುವಾಗ ಇದು ಯಾಕೆ ಬೇಕು? ಬೈಯಲು ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಫೋರ್ಟ್ ಕಾಲಿನ್ಸ್ ಅಕ್ಕ

ಕೇಳಬೇಕಾದ ಪ್ರಶ್ನೆಯೇ. ಭಾರತದಲ್ಲಿ ನಿಷೇಧ ಬೇಕಿತ್ತು, ಈಗಲೂ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಇಲ್ಲಿನ ಕಥೆ ಬೇರೆ ದಾರಿಯಲ್ಲಿ ಹೋಯಿತು. ನೂರು ವರ್ಷಕ್ಕೂ ಹಿಂದೆ ಕೊಲೊರಾಡೊದಲ್ಲೂ ಮಾರಾಟಕ್ಕೆ ಹೊಡೆದು ಹೊಡೆದು ಎಲ್ಕ್ ಬಹುತೇಕ ಮುಗಿಸಿದ್ದರು. ಮಾಂಸ ಮಾರುವುದನ್ನು ನಿಲ್ಲಿಸಿ, ವಯೋಮಿಂಗ್‌ನಿಂದ ಎಲ್ಕ್ ತಂದು ಬಿಟ್ಟು, ಲೈಸೆನ್ಸ್ ಲೆಕ್ಕದಲ್ಲಿ ಮಾತ್ರ ಬೇಟೆ ಬಿಟ್ಟರು. ಇವತ್ತು ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಇವೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಕೋವಿ, ಗುಂಡಿನ ಮೇಲಿನ ತೆರಿಗೆ 1937ರ ಕಾಯ್ದೆಯ ಪ್ರಕಾರ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಲೈಸೆನ್ಸ್ ದುಡ್ಡೂ ಅಲ್ಲಿಗೇ. ಈಗಲೂ ಬೇಟೆ ಮಾಂಸ ಒಂದು ತುಂಡು ಮಾರಿದರೂ ಅಪರಾಧ.

ನನ್ನ ಮಟ್ಟಿಗೆ, ಮಾಂಸ ತಿನ್ನುವವಳು ನಾನು. ಆ ಪ್ರಾಣಿ ಹೇಗೆ ಬದುಕಿತ್ತು, ಹೇಗೆ ಸತ್ತಿತು ಅಂತ ಗೊತ್ತಿರುವ ಮಾಂಸ ನನಗೆ ಅಂಗಡಿ ಮಾಂಸಕ್ಕಿಂತ ಪ್ರಾಮಾಣಿಕ ಅನಿಸುತ್ತದೆ. ನಿಮಗೆ ಹಾಗೆ ಅನಿಸಬೇಕೆಂದಿಲ್ಲ.

ಕಾಡು ನೋಡುವವಳು

ಒಪ್ಪಿದೆ ಅಂತ ಹೇಳಲಾರೆ, ಆದರೆ ನೇರವಾಗಿ ಉತ್ತರಿಸಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಹೋಗುವುದೇ ಆದರೆ ಒಂದು ಕೇಳಿಕೊಳ್ಳುತ್ತೇನೆ. ಸೀಸದ ಗುಂಡು ಬಳಸಬೇಡಿ. ಅದು ಮೈಯೊಳಗೆ ಪುಡಿಯಾಗಿ ಹರಡುತ್ತದೆ, ಬಿಟ್ಟು ಬಂದ ಕರುಳು ತಿಂದ ಹದ್ದುಗಳು ವಿಷವೇರಿ ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡೇ ನಿಷೇಧ.

ಗ್ರ್ಯಾಂಡ್ ಜಂಕ್ಷನ್ ಅಣ್ಣ

ತಂಗಿ ಹೇಳಿದ್ದು ಸರಿ. ಕೊಲೊರಾಡೊದಲ್ಲಿ ಕಡ್ಡಾಯ ಅಲ್ಲ, ಆದರೂ ತಾಮ್ರದ ಗುಂಡು ಹಾಕು. ಮಕ್ಕಳು ತಿನ್ನುವ ಮಾಂಸ. ಪಾಯಿಂಟ್ 270, ಥರ್ಟಿ ಆಟ್ ಸಿಕ್ಸ್, 308, ಇವೆಲ್ಲಕ್ಕೂ ತಾಮ್ರದ ಗುಂಡು ಸಿಗುತ್ತದೆ. ಕಾನೂನಿನ ಕನಿಷ್ಠ ಪಾಯಿಂಟ್ 24 ಕ್ಯಾಲಿಬರ್, ಎಲ್ಕ್‌ಗೆ 85 ಗ್ರೇನ್ ತೂಕದ ಗುಂಡು, ಆದರೆ ಹೊಸಬನು ಕನಿಷ್ಠದ ಹತ್ತಿರ ಹೋಗಬಾರದು. ಯಾವ ಗುಂಡು ಕಾಡಿಗೆ ಒಯ್ಯುತ್ತೀಯೋ ಅದರಲ್ಲೇ ಅಭ್ಯಾಸ ಮಾಡು. ಬೆಂಚಿನ ಮೇಲೆ ಅಲ್ಲ, ಮಂಡಿಯೂರಿ, ಕೂತು, ಚೀಲದ ಮೇಲೆ ಕೋವಿ ಇಟ್ಟು. 200 ಗಜದಲ್ಲಿ ತಟ್ಟೆಯಷ್ಟು ಜಾಗಕ್ಕೆ ಪ್ರತಿ ಸಲ ಬೀಳದಿದ್ದರೆ 200 ಗಜಕ್ಕೆ ಹೊಡೆಯಬೇಡ, ಇನ್ನೂ ಹತ್ತಿರ ಹೋಗು. ಪೂರ್ತಿ ಅಡ್ಡ ನಿಂತಾಗ ಮಾತ್ರ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ. ಹೊಡೆದ ಮೇಲೆ ಓಡಿ ಹೋಗಬೇಡ, ಅರ್ಧ ಗಂಟೆ ಕೂತಿರು. ನೋವಾದ ಪ್ರಾಣಿ ಹತ್ತಿರದಲ್ಲೇ ಮಲಗುತ್ತದೆ, ಅಟ್ಟಿಸಿದರೆ ಮೈಲಿಗಟ್ಟಲೆ ಹೋಗುತ್ತದೆ.

ಕೊಂಬು ಎಣಿಸುವುದೂ ಕಲಿತುಕೋ. ಬೇಟೆಗೆ ಭಾಗ ಮಾಡಿದ ಹೆಚ್ಚಿನ ಯೂನಿಟ್‌ಗಳಲ್ಲಿ ಗಂಡಿನ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು ಇರಬೇಕು, ಇಲ್ಲವೇ ಬುಡದ ಕವಲು ಐದು ಇಂಚು ಇರಬೇಕು. ಅನುಮಾನ ಇದ್ದರೆ ಬಿಟ್ಟುಬಿಡು.

ವಿರಾಜಪೇಟೆ ಕಡೆಯವನು

ನಾನು ಈಗ ಗನ್ನಿಸನ್ ಹತ್ತಿರ ಇದ್ದೇನೆ. ನಮ್ಮ ಮನೆಯಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಹೂವು ಇಟ್ಟು ಪೂಜೆ ಮಾಡುತ್ತೇವೆ, ಆದರೆ ನನ್ನ ತಲೆಮಾರಿನವರು ಊರಿನಲ್ಲಿ ಬೇಟೆ ನೋಡಿದವರಲ್ಲ. ಕೊಯ್ಯುವುದು ಕಲಿತದ್ದು ಇಲ್ಲಿಯೇ. ಕೇಳಿದ ಪ್ರಶ್ನೆ ಅದೇ ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಮೊದಲು ಲೈಸೆನ್ಸ್‌ನ ಟ್ಯಾಗ್ ಹರಿದು ಸಹಿ, ತಾರೀಕು ಹಾಕಿ. ಕೊಯ್ದು ಮುಗಿಸಿದ ಮೇಲೆ ಹಾಕೋಣ ಅನ್ನಬೇಡಿ. ಆಮೇಲೆ ಹೊಟ್ಟೆ ಸೀಳುವ ಗೋಜಿಗೇ ಹೋಗಬೇಡಿ. ಒಂದು ಮಗ್ಗುಲು ಮೇಲೆ ಮಾಡಿ ಮಲಗಿಸಿ, ಕಾಲನ್ನು ಹಗ್ಗದಲ್ಲಿ ಮರಕ್ಕೆ ಎಳೆದು ಕಟ್ಟಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಜಾರುತ್ತದೆ. ಬೆನ್ನುಮೂಳೆ ಉದ್ದಕ್ಕೆ ಚರ್ಮ ಕೊಯ್ದು ಹೊಟ್ಟೆ ಕಡೆಗೆ ಸುಲಿಯುತ್ತಾ ಬನ್ನಿ. ಚರ್ಮವನ್ನು ಒಳಗಿನಿಂದ ಹೊರಕ್ಕೆ ಕೊಯ್ಯಿರಿ, ಹೊರಗಿನಿಂದ ಕೊಯ್ದರೆ ಮಾಂಸದ ತುಂಬ ಕೂದಲು. ಮುಂಗಾಲಿಗೆ ಮೂಳೆಯ ಕೀಲು ಇಲ್ಲ, ಎತ್ತಿ ಹಿಡಿದು ಒಳಗಿನ ಸ್ನಾಯು ಕೊಯ್ದರೆ ಪೂರ್ತಿ ಬಿಡಿಸಿಕೊಳ್ಳುತ್ತದೆ. ಹಿಂದಿನ ತೊಡೆಗೆ ಸೊಂಟದ ದುಂಡನೆಯ ಕೀಲು ಹುಡುಕಿ ಅದರ ಸುತ್ತ ಕತ್ತಿ ಆಡಿಸಿ. ಆಮೇಲೆ ಬೆನ್ನಿನ ಮಾಂಸ, ಕುತ್ತಿಗೆ, ಪಕ್ಕೆ ನಡುವಿನದು. ಒಳಮಾಂಸ ಕೊನೆಗೆ, ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ ಕರುಳನ್ನು ಒತ್ತಿ ಹಿಡಿದು ನಿಧಾನ ಬಿಡಿಸಬೇಕು. ಮಗುಚಿ ಹಾಕಿ, ಇನ್ನೊಂದು ಮಗ್ಗುಲೂ ಹಾಗೇ. ಇಬ್ಬರಿದ್ದರೆ ಮೊದಲ ಸಲ ಮೂರು ಗಂಟೆ ಆಗಬಹುದು, ಅವಸರ ಬೇಡ. ಸುಸ್ತಾದ ಕೈಯಲ್ಲಿ ಕತ್ತಿ ಜಾರುತ್ತದೆ, ಆಸ್ಪತ್ರೆ ದೂರ.

ಒಂದು ತೊಡೆಯಲ್ಲಿ ಗಂಡು ಅನ್ನುವ ಗುರುತು, ಅಂದರೆ ವೃಷಣ, ಅಂಟಿಕೊಂಡೇ ಇರಬೇಕು. ಕಾನೂನು. ಮಾಂಸ ಮನೆಗೆ ಮುಟ್ಟುವವರೆಗೆ ಆ ಗುರುತನ್ನು ಬಿಡಿಸಬೇಡಿ. ನಾಲ್ಕು ಕಾಲು, ಬೆನ್ನಿನ ಮಾಂಸ, ಒಳಮಾಂಸ ಇಷ್ಟನ್ನು ತರಲೇಬೇಕು, ಬಿಟ್ಟು ಬಂದರೆ ದಂಡ.

ಕೆಡುವುದು ಎಲ್ಲಿಂದ ಗೊತ್ತಾ? ಹಿಂದಿನ ತೊಡೆಯ ಮೂಳೆ ಪಕ್ಕದಿಂದ. ಎಲ್ಕ್ ಚರ್ಮ ದಪ್ಪ ಕಂಬಳಿ ಇದ್ದ ಹಾಗೆ, ಸುಲಿಯದೆ ಬಿಟ್ಟರೆ ಹೊರಗೆ ಹಿಮ ಇದ್ದರೂ ತೊಡೆ ಒಳಗೆ ಬಿಸಿ ಹಾಗೇ ಕೂತಿರುತ್ತದೆ, ಬೆಳಗಾಗುವಷ್ಟರಲ್ಲಿ ಮೂಳೆ ಹತ್ತಿರ ಹುಳಿ ವಾಸನೆ. ಹಾಗಾಗಿ ಸಂಜೆ ಬಿದ್ದ ಪ್ರಾಣಿಯನ್ನು ಬೆಳಿಗ್ಗೆ ನೋಡೋಣ ಅಂತ ಬಿಡಬೇಡಿ, ರಾತ್ರಿಯಾದರೂ ಹೆಡ್‌ಲ್ಯಾಂಪ್ ಹಾಕಿ ಸುಲಿದು, ಕಾಲು ಬಿಡಿಸಿ, ಬಟ್ಟೆ ಚೀಲಕ್ಕೆ ಹಾಕಿ ಮರದ ಕೊಂಬೆಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಾಳಿ ಆಡಬೇಕು, ಒಣಗಿದ ಪೊರೆ ಕಟ್ಟಬೇಕು. ನೆರಳು ದಿನವಿಡೀ ಎಲ್ಲಿ ಇರುತ್ತದೆ ನೋಡಿ, ಬೆಳಿಗ್ಗೆ ನೆರಳಿದ್ದ ಮರಕ್ಕೆ ಮಧ್ಯಾಹ್ನ ಬಿಸಿಲು ಬೀಳುತ್ತದೆ. ಬಿಟ್ಟ ಕರುಳು, ಎಲುಬಿನ ರಾಶಿಯಿಂದ ನೂರು ಗಜವಾದರೂ ದೂರ, ಕರಡಿ ಮೊದಲು ಬರುವುದು ಅಲ್ಲಿಗೆ.

ಫೋರ್ಟ್ ಕಾಲಿನ್ಸ್ ಅಕ್ಕ

ಚೆನ್ನಾಗಿ ಬರೆದಿರಿ. ಒಂದೇ ಕಡೆ ನನ್ನ ಅಭಿಪ್ರಾಯ ಬೇರೆ. ಒಂದು ಮೈಲಿಗಿಂತ ದೂರ ಇದ್ದರೆ ತೊಡೆಯ ಮೂಳೆಯನ್ನು ಅಲ್ಲೇ ಬಿಡಿಸಿಬಿಡಿ. ತೂಕ ಇಳಿಯುತ್ತದೆ, ಬೇಗ ತಣ್ಣಗಾಗುತ್ತದೆ. ಮೂಳೆ ಬಿಡಿಸಿದ ಮಾಂಸ ಚೀಲದ ತಳಕ್ಕೆ ಕುಸಿದು ಹೊರಲು ಕಷ್ಟ ಅನ್ನುತ್ತಾರೆ, ಅದಕ್ಕೆ ಚೀಲವನ್ನು ಬೆನ್ನಿನ ಹತ್ತಿರ, ಭುಜದ ಎಲುಬಿನ ಮಟ್ಟಕ್ಕೆ ಎತ್ತಿ ಬಿಗಿಯಾಗಿ ಕಟ್ಟಿದರೆ ಆಯಿತು. ವೃಷಣದ ಗುರುತು ಇರುವ ತುಂಡು ಮಾತ್ರ ಜೋಪಾನ.

ಇನ್ನು ಸಿಡಬ್ಲ್ಯುಡಿ ರೋಗದ ವಿಷಯ ಯಾರೂ ಎತ್ತಿಲ್ಲ. ಜಿಂಕೆ, ಎಲ್ಕ್‌ಗಳ ಮಿದುಳು ಹಾಳು ಮಾಡುವ ಪ್ರಿಯಾನ್ (ಆಕಾರ ಕೆಟ್ಟ ಪ್ರೋಟೀನ್) ರೋಗ. 1967ರಲ್ಲಿ ಮೊದಲು ಕಂಡದ್ದು ಇದೇ ನಮ್ಮ ಫೋರ್ಟ್ ಕಾಲಿನ್ಸ್‌ನಲ್ಲಿ. ಮನುಷ್ಯರಿಗೆ ಬಂದದ್ದು ದೃಢಪಟ್ಟಿಲ್ಲ, ಆದರೆ ಬೇಯಿಸಿದರೆ ಪ್ರಿಯಾನ್ ಸಾಯುವುದಿಲ್ಲ, ರೋಗ ಇರುವ ಪ್ರಾಣಿಯ ಮಾಂಸ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಯ ಸಲಹೆ. ಕೆಲವು ಯೂನಿಟ್‌ಗಳಲ್ಲಿ ಪರೀಕ್ಷೆ ಕಡ್ಡಾಯ, ಉಳಿದ ಕಡೆ ನಾವೇ ತಲೆ ಕೊಟ್ಟು ಮಾಡಿಸಬಹುದು. ಅಂದರೆ ಹೊರೆ ಲೆಕ್ಕದಲ್ಲಿ ತಲೆಯನ್ನೂ ಸೇರಿಸಿ. ಬೆನ್ನುಮೂಳೆ, ತಲೆಬುರುಡೆ ಗರಗಸದಲ್ಲಿ ಕೊಯ್ಯಬೇಡಿ, ಕೈಗವಸು ಹಾಕಿ.

ಬೋಜ್‌ಮನ್ ಕನ್ನಡತಿ

ಮೊಂಟಾನಾದಿಂದ ಒಂದು ಮಾತು. ಕೊಲೊರಾಡೊದಲ್ಲಿ ನೆಲೆ ನಿಂತಿರುವುದು ಕಪ್ಪು ಕರಡಿ ಮಾತ್ರ, ನಮ್ಮಲ್ಲಿ ಗ್ರಿಜ್ಲಿ ಇದೆ. ಮುಂದೆ ಎಂದಾದರೂ ಈ ಕಡೆ ಅಥವಾ ವಯೋಮಿಂಗ್‌ಗೆ ಬಂದರೆ ಇದೇ ಪದ್ಧತಿ ಹಿಡಿದುಕೊಳ್ಳಬೇಡಿ. ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಕರಡಿ ಸ್ಪ್ರೇ ಹಿಡಿದು ಸುತ್ತ ನೋಡುತ್ತಿರಬೇಕು, ಬಿಟ್ಟುಹೋದ ಮಾಂಸಕ್ಕೆ ವಾಪಸ್ ಬರುವಾಗ ದೂರದಿಂದ ದುರ್ಬೀನಿನಲ್ಲಿ ನೋಡಿಯೇ ಹತ್ತಿರ ಹೋಗಬೇಕು.

ಮತ್ತೆ ಸ್ಯಾಟಲೈಟ್ ಮೆಸೇಜ್ ಕಳಿಸುವ ಸಾಧನ ಒಂದು ಇಟ್ಟುಕೊಳ್ಳಿ, ಬಾಡಿಗೆಗೂ ಸಿಗುತ್ತದೆ. ಇಬ್ಬರ ಮನೆಯವರಿಗೂ ಟ್ರಕ್ ನಿಲ್ಲಿಸುವ ಜಾಗ ಗೊತ್ತಿರಲಿ.

ಅರೋರಾದ ಹಾಸನದವನು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಐದು ಮೈಲಿಯ ಜಾಗ ಅಳಿಸಿದೆ. ಅದೇ ಫ್ಲ್ಯಾಟ್ ಟಾಪ್ಸ್ ಅಂಚಿನಲ್ಲಿ, ವೈಲ್ಡರ್‌ನೆಸ್ ಗೆರೆಯ ಹೊರಗೆ, ರಸ್ತೆಯಿಂದ ಒಂದೂಕಾಲು ಮೈಲಿಯ ಉತ್ತರ ಮುಖದ ಇಳಿಜಾರು ಒಂದು ಕಂಡಿದೆ. ರಸ್ತೆ ಮೇಲೆ ಇದೆ, ಕಾಡು ಕೆಳಗೆ. ಪರವಾಗಿಲ್ಲವಾ?

ಗ್ರ್ಯಾಂಡ್ ಜಂಕ್ಷನ್ ಅಣ್ಣ

ಅದೊಂದೇ ಕೊರತೆ. ಹೊರೆ ಹೊತ್ತು ಹತ್ತಬೇಕು. ಎಷ್ಟು ಅಡಿ ಏರು ನೋಡು, 600 ಅಡಿ ಒಳಗಿದ್ದರೆ ಸರಿ, ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಹುಡುಕು. ಕೆಳಗೆ ಇನ್ನೊಂದು ರಸ್ತೆ ಇದ್ದರೂ ನಡುವೆ ಖಾಸಗಿ ಜಮೀನು ಇದೆಯಾ ನೋಡಬೇಕು. ಇಲ್ಲಿ ಬೇಲಿ, ಬೋರ್ಡು ಇಲ್ಲದಿದ್ದರೂ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಸತ್ತ ಎಲ್ಕ್ ತರಲೂ ಕೇಳಿಕೊಂಡೇ ಹೋಗಬೇಕು.

ಈಗಿನಿಂದಲೇ ವಾರಕ್ಕೆ ಮೂರು ದಿನ ಚೀಲದಲ್ಲಿ ಅಕ್ಕಿ ಮೂಟೆ ಹಾಕಿ ಗುಡ್ಡ ಹತ್ತು. 10 ಕೆಜಿಯಿಂದ ಶುರು ಮಾಡಿ ಅಕ್ಟೋಬರ್ ಹೊತ್ತಿಗೆ 25 ಬರಲಿ. ಇಳಿಯುವುದನ್ನೂ ಅಭ್ಯಾಸ ಮಾಡು, ಮಂಡಿ ಹೋಗುವುದು ಇಳಿಯುವಾಗ. ಸೀಸನ್‌ಗೆ ಎರಡು ದಿನ ಮೊದಲೇ ಮೇಲೆ ಬಂದು ಮಲಗು, ಡೆನ್ವರ್ ಐದು ಸಾವಿರ ಅಡಿ, ಅಲ್ಲಿ ಹತ್ತು ಸಾವಿರ. ಹೊರಲು ಬರುವ ಗೆಳೆಯರಿಗೆ ಲೈಸೆನ್ಸ್ ಬೇಡ, ಹಾಗಾಗಿ ಫೋನ್ ಮಾಡಿದರೆ ಬರುವ ಇಬ್ಬರನ್ನು ಈಗಲೇ ಹೇಳಿಟ್ಟುಕೋ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಜಾಕೆಟ್ಟು, ಟೋಪಿ ಕಡ್ಡಾಯ, ಹೊರೆ ಹೊರುವಾಗ ಜಾಕೆಟ್ಟನ್ನು ಚೀಲ ಮುಚ್ಚುತ್ತದೆ, ಚೀಲದ ಮೇಲೂ ಒಂದು ಕಿತ್ತಳೆ ಬಟ್ಟೆ ಕಟ್ಟು.

ಮತ್ತೆ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಎಲ್ಕ್ ಸಿಕ್ಕರೆ ಅದು ಒಳ್ಳೆಯ ವರ್ಷ. ಖಾಲಿ ಕೈಯಲ್ಲಿ ಬಂದರೂ ಆ ಇಳಿಜಾರು ನಿನಗೆ ಗೊತ್ತಾಗಿರುತ್ತದೆ, ಮುಂದಿನ ವರ್ಷ ಅಲ್ಲಿಗೇ ಹೋಗು.

ಅರೋರಾದ ಹಾಸನದವನು

ಏರು 450 ಅಡಿ ತೋರಿಸುತ್ತಿದೆ. ಸಿಕ್ಕರೆ ಅಂತ ಕೇಳುತ್ತೇನೆ, ಟ್ರಕ್ ಹತ್ತಿರ ಬಂದ ಮೇಲೆ? ಮನೆಗೆ ನಾಲ್ಕು ಗಂಟೆ ದಾರಿ.

ವಿರಾಜಪೇಟೆ ಕಡೆಯವನು

120 ಕ್ವಾರ್ಟಿನ (ಒಂದು ಕ್ವಾರ್ಟ್ ಹೆಚ್ಚುಕಮ್ಮಿ ಒಂದು ಲೀಟರ್) ಐಸ್ ಬಾಕ್ಸ್ ಎರಡು ಬೇಕು. ಸೀಸನ್‌ಗೆ ಮೊದಲೇ ನೀರಿನ ಬಾಟಲಿಗಳನ್ನು ಗಟ್ಟಿ ಐಸ್ ಮಾಡಿ ತುಂಬಿಡಿ, ಬಿಡಿ ಐಸ್ ಕರಗಿ ಮಾಂಸ ನೀರಿನಲ್ಲಿ ನೆನೆಯುತ್ತದೆ. ಬಾಕ್ಸಿನ ಕೆಳಗಿನ ಬಿರಡೆ ತೆಗೆದೇ ಇಡಿ. ಮನೆಯಲ್ಲಿ ತುಂಡು ಮಾಡಿ ಪ್ಯಾಕ್ ಮಾಡುವಾಗ ಭಾಗದ ಹೆಸರು, ತಾರೀಕು ಬರೆಯಿರಿ. ಸಿಡಬ್ಲ್ಯುಡಿ ಫಲಿತಾಂಶ ಬರುವವರೆಗೆ ಫ್ರೀಜರಿನಲ್ಲೇ ಇರಲಿ, ಯಾರಿಗೂ ಹಂಚಬೇಡಿ.

ಅಡುಗೆಗೆ ಬಂದರೆ, ಎಲ್ಕ್ ಮಾಂಸದಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಬೆನ್ನಿನ ಮಾಂಸವನ್ನು ಸಾರಿಗೆ ಹಾಕಿ ಹಾಳು ಮಾಡಬೇಡಿ, ತುಪ್ಪದಲ್ಲಿ ಜೋರು ಉರಿಯಲ್ಲಿ ಎರಡೂ ಕಡೆ ಹುರಿದು ಒಳಗೆ ಕೆಂಪಿರುವಾಗಲೇ ಇಳಿಸಿ. ಕುತ್ತಿಗೆ, ಮುಂಗಾಲು ಕೊಚ್ಚಿಸಿ ಕೈಮ ಉಂಡೆಗೆ ಇಡಿ, ಕೊಚ್ಚಿದ್ದನ್ನು ಪೂರ್ತಿ ಬೇಯಿಸಿ. ಮೊಣಕಾಲಿನ ಕೆಳಗಿನ ನಾರು ಮಾಂಸ ಇದೆಯಲ್ಲ, ಜನ ಎಸೆಯುವುದು ಅದನ್ನೇ. ಅದನ್ನು ಹಂದಿ ಕರಿಯ ಮಸಾಲೆಯಲ್ಲಿ ಮೂರು ಗಂಟೆ ಸಣ್ಣ ಉರಿಯಲ್ಲಿ ಇಡಿ, ನಾರು ಕರಗಿ ಅಂಟು ಅಂಟು ಗೊಜ್ಜಾಗುತ್ತದೆ. ನಮ್ಮ ಕೊಡಗಿನ ಹುಳಿ ಕಾಚಂಪುಳಿಯನ್ನು ಇಳಿಸುವ ಹತ್ತು ನಿಮಿಷ ಮೊದಲು ಹಾಕಿದರೆ ಸಾಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಹೇಳಿ, ಊರಿನಿಂದ ತಂದ ಬಾಟಲಿ ನನ್ನಲ್ಲಿ ಇದೆ.